ಸ್ಪೋರ್ಟ್ಸ್ ಅಂದ್ರೆ ಆಗದ ಮಗ, ಫುಟಿ ಅಂದ್ರೆ ಜೀವ ಬಿಡೋ ಊರು

ಪ್ರಶ್ನೆ: ನಾವು ದಾವಣಗೆರೆಯವರು, ಮೆಲ್ಬರ್ನ್‌ಗೆ ಬಂದು ಒಂದೂವರೆ ವರ್ಷ ಆಯ್ತು, ಟಾರ್ನೀಟ್‌ನಲ್ಲಿ ಮನೆ. ಮಗನಿಗೆ ಒಂಬತ್ತು ವರ್ಷ, ಗ್ರೇಡ್ ತ್ರೀ. ಅವನಿಗೆ ಆಟ ಅಂದ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೆ, ಊರಲ್ಲಿದ್ದಾಗ ಅದನ್ನ ಯಾರೂ ತಲೆಗೆ ಹಚ್ಕೊಂಡಿರ್ಲಿಲ್ಲ, ಚೆನ್ನಾಗಿ ಓದ್ತಾನೆ ಅಂತ ಎಲ್ರೂ ಹೊಗಳ್ತಿದ್ರು. ಇಲ್ಲಿ ಲಂಚ್ ಟೈಮಲ್ಲಿ ಹುಡುಗ್ರೆಲ್ಲ ಫುಟಿ (ಆಸ್ಟ್ರೇಲಿಯಾದವರದ್ದೇ ಆದ ಫುಟ್‌ಬಾಲ್) ಆಡ್ತಾರೆ, ಇವನು ಬೆಂಚ್ ಮೇಲೆ ಒಬ್ನೇ ಕೂತಿರ್ತಾನಂತೆ. ಟೀಮ್ ಮಾಡುವಾಗ ಕೊನೇಲಿ ಉಳ್ಕೊಳ್ಳೋದು ಇವನೇ. ಸ್ವಿಮ್ಮಿಂಗ್ ಕಾರ್ನಿವಲ್ (ಶಾಲೆಯ ಈಜು ಸ್ಪರ್ಧೆ) ದಿನ ಹೊಟ್ಟೆನೋವು ಅಂತ ಅತ್ತು ಮನೇಲೇ ಉಳ್ಕೊಂಡ. ನಮ್ಮನೆಯವ್ರಿಗೆ ಕ್ರಿಕೆಟ್ ಹುಚ್ಚು, ಇವನನ್ನ ಆಸ್‌ಕಿಕ್‌ಗೂ (ಚಿಕ್ಕ ಮಕ್ಕಳಿಗೆ ಫುಟಿ ಕಲಿಸೋ ಕ್ಲಾಸ್) ಕ್ರಿಕೆಟ್ ಕ್ಲಬ್‌ಗೂ ಸೇರ್ಸಿದಾರೆ, ಪ್ರತಿ ವಾರ ಮನೇಲಿ ರಂಪ. ಬಲವಂತ ಮಾಡ್ಬೇಕಾ, ಬಿಟ್ಬಿಡ್ಬೇಕಾ? ಒಂದೊಂದ್ಸಲ ಇಂಡಿಯಾಗೇ ವಾಪಸ್ ಹೋಗೋಣ ಅನ್ಸುತ್ತೆ. ಅವನಿಗೆ ಇಷ್ಟ ಅಂದ್ರೆ ರೈಲು ಒಂದೇ.

ಉತ್ತರ: ಕೊನೇ ಮಾತಿಂದ್ಲೇ ಶುರು ಮಾಡ್ತೀನಿ. ವಾಪಸ್ ಹೋಗೋಕೆ ಬೇರೆ ಕಾರಣ ಇದ್ರೆ ಹೋಗಿ, ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಕೆಲಸ ಒಗ್ಗಲಿಲ್ಲ, ಅದೆಲ್ಲ ನಿಮಗೆ ಬಿಟ್ಟಿದ್ದು. ಮಗ ಫುಟಿ ಆಡಲ್ಲ ಅನ್ನೋ ಕಾರಣಕ್ಕೆ ಮಾತ್ರ ಬೇಡ. ಇದನ್ನ ಇಲ್ಲೇ ಕೂತು ಬಗೆಹರಿಸ್ಬಹುದು, ಅರ್ಧ ಕೆಲಸ ನಿಮ್ಮನೇಲೇ ಆಗೋದು.

ನಮ್ಮ ಕಡೆ ಆಟ ಬರದೇ ಇರೋ ಹುಡುಗ ಯಾರ ಕಣ್ಣಿಗೂ ಬೀಳಲ್ಲ ಅನ್ನೋದು ನಿಜ. ಪಿ.ಟಿ. ಪೀರಿಯಡ್ ಅಂತ ಟೈಮ್‌ಟೇಬಲ್‌ನಲ್ಲಿ ಇರುತ್ತೆ, ಅದನ್ನ ಗಣಿತದ ಮೇಷ್ಟ್ರು ಪೋರ್ಷನ್ ಮುಗಿದಿಲ್ಲ ಅಂತ ತಗೊಂಡ್ಬಿಡ್ತಾರೆ, ಪೇರೆಂಟ್ಸೂ ಒಳ್ಳೇದೇ ಆಯ್ತು ಅಂತಾರೆ. ಮೆಲ್ಬರ್ನ್ ಹಾಗಲ್ಲ. ಕುದುರೆ ರೇಸ್‌ಗೆ ಊರಿಗೇ ರಜಾ ಕೊಡೋ ಜಾಗ ಇದು, ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್. ಫುಟಿ ಗ್ರ್ಯಾಂಡ್ ಫೈನಲ್ ಶನಿವಾರ ನಡೆಯೋದು, ಅದರ ಹಿಂದಿನ ದಿನ ಶುಕ್ರವಾರಾನೂ ವಿಕ್ಟೋರಿಯಾದಲ್ಲಿ 2015ರಿಂದ ಪಬ್ಲಿಕ್ ಹಾಲಿಡೇ. ಫುಟಿ ಹುಟ್ಟಿದ್ದೇ ಈ ಊರಲ್ಲಿ, ಮೊದಲ ರೂಲ್ಸ್ ಬರೆದಿದ್ದು 1859ರಲ್ಲಿ. ಹೀಗಿರೋ ಊರಲ್ಲಿ ಒಂಬತ್ತು ವರ್ಷದ ಹುಡುಗ್ರು ಸೋಮವಾರ ಬೆಳಿಗ್ಗೆ ಶಾಲೆಗೆ ಬಂದ್ರೆ ಮಾತಾಡೋದು ಏನು ಹೇಳಿ, ವೀಕೆಂಡ್ ಯಾವ ಟೀಮ್ ಗೆಲ್ತು ಅನ್ನೋದೇ. ನಿಮ್ಮ ಮಗ ಬೆಂಚ್ ಮೇಲೆ ಕೂತಿರೋದು ಅವನಿಗೆ ಬಾಲ್ ಹಿಡಿಯೋಕೆ ಬರಲ್ಲ ಅಂತ ಅಷ್ಟೇ ಅಲ್ಲ, ಆ ಮಾತುಕತೆ ಒಳಗೆ ಹೋಗೋಕೆ ಅವನಿಗೆ ಬಾಗಿಲು ಸಿಕ್ಕಿಲ್ಲ. ಅವನಿಗೆ ಬೇಕಾಗಿರೋದು ಒಬ್ಬ ಫ್ರೆಂಡು. ನೀವಿಬ್ರೂ ಅದನ್ನ ಆಟದ ಪ್ರಾಬ್ಲಮ್ ಅಂತ ತಿಳ್ಕೊಂಡು ಕೋಚಿಂಗ್‌ಗೆ ದುಡ್ಡು ಕಟ್ತಿದೀರ, ಜಗಳ ಆಗದೆ ಇನ್ನೇನಾಗುತ್ತೆ.

ಬಲವಂತಾನಾ ಬಿಡೋದಾ ಅಂತ ಕೇಳಿದೀರಲ್ಲ, ಎಲ್ಲಾನೂ ಒಟ್ಟಿಗೆ ಸೇರ್ಸಿ ಕೇಳಿದ್ರೆ ಅದಕ್ಕೆ ಉತ್ತರ ಇಲ್ಲ. ಈಜು ಬೇರೆ, ದಿನಾ ಮೈ ಆಡ್ಸೋದು ಬೇರೆ, ಟೀಮ್ ಆಟ ಬೇರೆ. ಈಜು ಕಲೀಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಮೈ ಆಡ್ಸೋದೂ ಬೇಕು, ಹೇಗೆ ಅನ್ನೋದು ಅವನಿಷ್ಟ. ಟೀಮ್ ಆಟ ಬೇಡ ಅಂದ್ರೆ ಬೇಡ.

ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ, ಇದನ್ನ ನಮ್ಮ ಜನ ಯಾವಾಗ್ಲೂ ಕೊನೇಗೆ ಮಾಡ್ತಾರೆ. ಅವನ ಕಣ್ಣು ಟೆಸ್ಟ್ ಮಾಡ್ಸಿ. ಒಂದು ಕಣ್ಣಿನ ದೃಷ್ಟಿ ಕಮ್ಮಿ ಇರೋ ಮಗು ಪುಸ್ತಕ ಆರಾಮಾಗಿ ಓದುತ್ತೆ, ಯಾರಿಗೂ ಡೌಟ್ ಬರಲ್ಲ, ಆದ್ರೆ ಎಸೆದ ಬಾಲ್ ಎಷ್ಟು ದೂರದಲ್ಲಿದೆ ಅಂತ ಅದಕ್ಕೆ ಅಂದಾಜಾಗಲ್ಲ, ಬಾಲ್ ದಿಢೀರಂತ ಮುಖದ ಹತ್ರ ಬಂದಹಾಗೆ ಆಗುತ್ತೆ, ಆ ಮಗು ಕಣ್ಣು ಮುಚ್ಕೊಂಡು ಮುಖ ತಿರುಗಿಸ್ಬಿಡುತ್ತೆ, ನಾವು ಹೆದರುಪುಕ್ಲ ಅಂತೀವಿ. ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದ್ರೆ ಆಪ್ಟಮೆಟ್ರಿಸ್ಟ್ ಹತ್ರ ಸಾಮಾನ್ಯವಾಗಿ ಕೈಯಿಂದ ಏನೂ ಕೊಡದೆ ಆಗುತ್ತೆ, ಟೆಂಪರರಿ ವೀಸಾದಲ್ಲಿದ್ರೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಏನಿದೆ ನೋಡ್ಕೊಳ್ಳಿ. ಓಡಿದ್ಮೇಲೆ ಕೆಮ್ಮು ಬರುತ್ತಾ, ಎದೆ ಸುಯ್ ಸುಯ್ ಅನ್ನುತ್ತಾ ಅಂತಾನೂ ಗಮನಿಸಿ. ಮೆಲ್ಬರ್ನ್‌ನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ರೈಗ್ರಾಸ್ ಹುಲ್ಲಿನ ಪೋಲನ್ ಕಾಟ ಜೋರು, 2016ರ ನವೆಂಬರ್‌ನಲ್ಲಿ ಒಂದೇ ಗುಡುಗು ಮಳೆಗೆ ಸಾವಿರಾರು ಜನಕ್ಕೆ ಆಸ್ತಮಾ ಬಂದು 10 ಜನ ಸತ್ತಿದ್ರು, ಅದರಲ್ಲಿ ನಮ್ಮ ಏಷ್ಯಾ ಕಡೆಯವರಿಗೆ ತೊಂದ್ರೆ ಆಗಿದ್ದು ಜಾಸ್ತಿ. ಊರಲ್ಲಿ ಒಂದ್ಸಲವೂ ಸೀನದ ಮಕ್ಕಳಿಗೆ ಇಲ್ಲಿ ಎರಡನೇ ಮೂರನೇ ವರ್ಷಕ್ಕೆ ಹೇ ಫೀವರ್ ಶುರುವಾಗೋದು ತುಂಬಾ ಕಾಮನ್. ಉಸಿರೇ ಸರಿ ಸಿಗದ ಮಗು ಓಡೋದು ಬೇಡ ಅಂದ್ರೆ ಅದು ಸೋಮಾರಿತನ ಅಲ್ವಲ್ಲ.

ಇನ್ನೊಂದು ವಿಷಯ. ಶೂ ಲೇಸ್ ಕಟ್ಕೊಳ್ಳೋಕೆ ಈಗ್ಲೂ ಕಷ್ಟಾನಾ, ಶರ್ಟ್ ಬಟನ್ ಹಾಕ್ಕೊಳ್ಳೋಕೆ ಹೊತ್ತಾಗುತ್ತಾ, ಅಕ್ಷರ ಗೀಚಿದಂಗಿರುತ್ತಾ, ಅನ್ನ ಸಾರು ತಿಂದ್ರೆ ಅರ್ಧ ತಟ್ಟೆ ಹೊರಗೇನಾ, ಸೈಕಲ್ ಬ್ಯಾಲೆನ್ಸ್ ಬಂದಿಲ್ವಾ? ಇದರಲ್ಲಿ ಮೂರ್ನಾಲ್ಕಕ್ಕೆ ಹೌದು ಅಂತ ಬಂದ್ರೆ ಜಿಪಿ (ಫ್ಯಾಮಿಲಿ ಡಾಕ್ಟರ್) ಹತ್ರ ಹೋಗಿ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಬಗ್ಗೆ ಕೇಳಿ. ಬುದ್ಧಿ ಚುರುಕಾಗೇ ಇರುತ್ತೆ, ಕೈಕಾಲಿಗೆ ಆರ್ಡರ್ ಹೋಗೋದು ಮಾತ್ರ ತಡವಾಗುತ್ತೆ. 100 ಮಕ್ಕಳಲ್ಲಿ 5-6 ಮಕ್ಕಳಿಗೆ ಇದು ಇರುತ್ತೆ, ನಮ್ಮಲ್ಲಿ ಇದಕ್ಕೆ ಇರೋ ರೋಗನಿರ್ಣಯ 'ಪೆದ್ದು ಮುಂಡೇದು' ಅನ್ನೋದೊಂದೇ. ದಿನನಿತ್ಯದ ಕೆಲಸಗಳನ್ನ ಅಭ್ಯಾಸ ಮಾಡ್ಸೋ ಆಕ್ಯುಪೇಷನಲ್ ಥೆರಪಿಸ್ಟ್ ಜೊತೆ ಕೆಲಸ ಮಾಡಿದ್ರೆ ತುಂಬಾ ಸುಧಾರಿಸುತ್ತೆ. ನಿಮ್ಮ ಮಗನಿಗೆ ಇದೇ ಇದೆ ಅಂತ ನಾನು ಹೇಳ್ತಿಲ್ಲ, ಪತ್ರ ಓದಿ ಹಾಗೆ ಹೇಳೋಕೂ ಆಗಲ್ಲ. ಚೆಕ್ ಮಾಡ್ಸದೆ ಬೈಬೇಡಿ ಅಂತಿದೀನಿ ಅಷ್ಟೆ.

ಈಗ ಈಜು. ಇದು ಸ್ಪೋರ್ಟ್ ಅನ್ನೋದನ್ನೇ ಮರ್ತುಬಿಡಿ, ರಸ್ತೆ ದಾಟೋದು ಹೇಗೋ ಇದೂ ಹಾಗೆ. ಇಲ್ಲಿ ಮಕ್ಕಳು ಬರ್ತ್‌ಡೇ ಪಾರ್ಟಿಗೆ ಪೂಲ್‌ಗೆ ಹೋಗ್ತಾರೆ, ಸ್ಕೂಲ್ ಕ್ಯಾಂಪ್‌ನಲ್ಲಿ ನದಿ ಇರುತ್ತೆ, ಡಿಸೆಂಬರ್ ಬಂದ್ರೆ ಬೀಚ್. 2024ರ ಜನವರಿಯಲ್ಲಿ ಫಿಲಿಪ್ ಐಲೆಂಡ್‌ನ ಫಾರೆಸ್ಟ್ ಕೇವ್ಸ್ ಹತ್ರ ನಮ್ಮ ಇಂಡಿಯಾ ಮೂಲದ ಒಂದೇ ಗುಂಪಿನ 4 ಜನ ನೀರಲ್ಲಿ ಮುಳುಗಿ ತೀರ್ಕೊಂಡ್ರು, ಲೈಫ್‌ಗಾರ್ಡ್ ಇಲ್ಲದ ಬೀಚು ಅದು. ಪ್ರೈಮರಿ ಮುಗಿಯೋ ಹೊತ್ತಿಗೆ ಮಗು 50 ಮೀಟರ್ ಈಜ್ಬೇಕು, ಎರಡು ನಿಮಿಷ ನೀರಲ್ಲಿ ತೇಲ್ಕೊಂಡಿರ್ಬೇಕು ಅಂತ ಇಲ್ಲಿ ಒಂದು ಲೆಕ್ಕ ಇದೆ, ನಿಮ್ಮ ಮಗನಿಗೆ ಇನ್ನೂ ಮೂರು ವರ್ಷ ಟೈಮ್ ಇದೆ, ಧಾರಾಳ ಆಯ್ತು. ಪ್ರಾಬ್ಲಮ್ ಏನಂದ್ರೆ ಇಲ್ಲಿಯವರು ಆರು ತಿಂಗಳ ಕೂಸನ್ನೇ ನೀರಿಗಿಳಿಸ್ತಾರೆ, ಹಾಗಾಗಿ ಗ್ರೂಪ್ ಕ್ಲಾಸ್‌ಗೆ ಹಾಕಿದ್ರೆ ಒಂಬತ್ತು ವರ್ಷದ ನಿಮ್ಮ ಹುಡುಗ ನಾಲ್ಕು ವರ್ಷದ ಪುಟಾಣಿಗಳ ಜೊತೆ ನಿಂತ್ಕೋಬೇಕಾಗುತ್ತೆ, ಆ ಅವಮಾನಕ್ಕೇ ಅರ್ಧ ಮಕ್ಕಳು ಬಿಟ್ಬಿಡ್ತಾರೆ. ಮೊದಲ ಒಂದೆರಡು ಟರ್ಮ್ ಪ್ರೈವೇಟ್ ಲೆಸನ್ ಕೊಡ್ಸಿ, ಅಥವಾ ದೊಡ್ಡ ಬಿಗಿನರ್ಸ್‌ಗೆ ಬೇರೆ ಗ್ರೂಪ್ ಇದೆಯಾ ಅಂತ ಕೌನ್ಸಿಲ್ ಪೂಲ್‌ನಲ್ಲಿ ಕೇಳಿ. ದುಡ್ಡು ಜಾಸ್ತಿ ಆಗುತ್ತೆ, ಗೊತ್ತು. ಆಸ್‌ಕಿಕ್‌ಗೆ ಕಟ್ಟೋದನ್ನ ಇಲ್ಲಿಗೆ ತಿರುಗಿಸಿ. ನಿಮ್ಮಿಬ್ಬರಿಗೆ ಈಜು ಬರುತ್ತಾ ಅಂತ ನೀವು ಬರೆದಿಲ್ಲ. ಬರಲ್ಲ ಅಂದ್ರೆ ಅಡಲ್ಟ್ ಕ್ಲಾಸ್‌ಗೆ ನೀವೂ ಸೇರ್ಕೊಳ್ಳಿ, ಅಪ್ಪ ಮೂಗಿಗೆ ನೀರು ಹೋಗಿ ಕೆಮ್ಮೋದನ್ನ ನೋಡಿದ್ರೆ ಮಗನಿಗೆ ಯಾವ ಭಾಷಣಾನೂ ಬೇಕಾಗಲ್ಲ. ಬೀಚಿಗೆ ಹೋದ್ರೆ ಲೈಫ್‌ಗಾರ್ಡ್‌ಗಳು ನೆಟ್ಟಿರೋ ಕೆಂಪು ಹಳದಿ ಬಾವುಟಗಳ ಮಧ್ಯೆ ಮಾತ್ರ ಇಳೀರಿ.

ಫುಟಿ ಬಗ್ಗೆ ನಾನು ಹೇಳೋದು ಸ್ವಲ್ಪ ವಿಚಿತ್ರ ಅನ್ಸಬಹುದು. ಆಡೋದು ಬಿಡ್ಸಿ, ಆದ್ರೆ ಗೊತ್ತಿರೋದು ಬಿಡ್ಬೇಡಿ. ನಿಮ್ಮ ಮಗ ರೈಲಿನ ಹುಡುಗ ಅಂದ್ರಲ್ಲ, ಅಂಥ ಮಕ್ಕಳಿಗೆ ಸಾಮಾನ್ಯವಾಗಿ ನಂಬರ್ ಅಂದ್ರೆ ಪ್ರಾಣ, ಫುಟಿಯಲ್ಲಿ ನಂಬರ್ರೇ ನಂಬರ್ರು. ಸ್ಕೋರ್ ಬರೆಯೋ ರೀತಿ ನೋಡಿ, 12.8.80 ಅಂತ ಇರುತ್ತೆ. ನಡುವಿನ ಎರಡು ಕಂಬದ ಮಧ್ಯೆ ಒದ್ರೆ ಗೋಲು, 6 ಪಾಯಿಂಟ್, ಆ ಕಂಬಕ್ಕೂ ಅದರ ಪಕ್ಕದ ಹೊರಗಿನ ಕಂಬಕ್ಕೂ ಮಧ್ಯೆ ಹೋದ್ರೆ ಬಿಹೈಂಡ್, 1 ಪಾಯಿಂಟ್. 12 ಆರಲಿ 72, ಅದಕ್ಕೆ 8 ಸೇರ್ಸಿದ್ರೆ 80. ಗೋಲಾದ್ರೆ ಅಂಪೈರ್ ಎರಡು ಬಾವುಟ ಬೀಸ್ತಾನೆ, ಬಿಹೈಂಡ್ ಆದ್ರೆ ಒಂದು. ಗೆದ್ರೆ ಲ್ಯಾಡರ್‌ನಲ್ಲಿ (ಪಾಯಿಂಟ್ಸ್ ಟೇಬಲ್) 4 ಪಾಯಿಂಟು, ಇಬ್ಬರ ಪಾಯಿಂಟ್ ಸಮ ಆದ್ರೆ ಪರ್ಸೆಂಟೇಜ್, ಅಂದ್ರೆ ನೀವು ಹೊಡೆದ ಸ್ಕೋರನ್ನ ಎದುರಾಳಿಗಳು ನಿಮ್ಮ ಮೇಲೆ ಹೊಡೆದ ಸ್ಕೋರಿಂದ ಭಾಗಿಸಿ ನೂರರಿಂದ ಗುಣಿಸೋದು. ಇದನ್ನ ಒಂದು ಸಂಜೆ ಪೇಪರ್ ಇಟ್ಕೊಂಡು ಅವನಿಗೆ ತೋರ್ಸಿ ನೋಡಿ. ಬೇಜಾರಾದ್ರೆ ಬಿಟ್ಬಿಡಿ, ಹಿಡಿಸ್ತು ಅಂದ್ರೆ ಮುಂದಿನ ವಾರ ಅವನೇ ನಿಮಗೆ ಪಾಠ ಮಾಡ್ತಾನೆ.

ಆಮೇಲೆ ಟಿಪ್ಪಿಂಗ್ ಇದೆ. ಪ್ರತಿ ವಾರ ಯಾವ ಟೀಮ್ ಗೆಲ್ಲುತ್ತೆ ಅಂತ ಗೆಸ್ ಮಾಡೋದು, ನಿಮ್ಮನೆಯವರ ಆಫೀಸಲ್ಲಿ ಖಂಡಿತ ಇರುತ್ತೆ. ಅಪ್ಪ ಮಗ ಇಬ್ರೂ ಸೇರಿ ಗುರುವಾರ ರಾತ್ರಿ ಊಟ ಆದ್ಮೇಲೆ ಟಿಪ್ಸ್ ಹಾಕ್ಲಿ, ದುಡ್ಡು ಕಟ್ಟೋದು ಬೇಡ, ಸುಮ್ನೆ ಮನೆ ಮಟ್ಟಿಗೆ. ಒಂದು ಟೀಮ್ ಹಿಡ್ಕೊಳ್ಳಿ. ನೀವಿರೋದು ಪಶ್ಚಿಮದ ಕಡೆ, ಅಲ್ಲಿಗೆ ವೆಸ್ಟರ್ನ್ ಬುಲ್‌ಡಾಗ್ಸ್ ಸಹಜ, ಫುಟ್‌ಸ್ಕ್ರೇಯಲ್ಲಿ ಅವರ ಮೂಲಸ್ಥಾನ. ಕ್ಲಾಸಲ್ಲಿ ಒಬ್ಬ ಬುಲ್‌ಡಾಗ್ಸ್ ಹುಡುಗ ಇದ್ದೇ ಇರ್ತಾನೆ, 'ಈ ಸಲ ಗೆಲ್ತೀವಾ' ಅಂತ ಕೇಳೋಕೆ ಬಾಲ್ ಹಿಡಿಯೋಕೆ ಬರ್ಬೇಕಾಗಿಲ್ಲ. ಈ ಊರಲ್ಲಿ ಜೀವನದಲ್ಲಿ ಒಂದ್ಸಲವೂ ಬಾಲ್ ಒದೆಯದೆ ಮಫ್ಲರ್ ಸುತ್ಕೊಂಡು ಕಿರುಚಾಡೋ ಅಜ್ಜಿಯರು ಎಷ್ಟು ಜನ ಬೇಕು, ಅವರನ್ನ ಯಾರೂ ಹೊರಗಿನವರು ಅನ್ನಲ್ಲ.

ಇದು ನಾಟಕ ಅಲ್ವಾ, ಇಷ್ಟ ಇಲ್ಲದ್ದನ್ನ ಇಷ್ಟ ಅಂತ ತೋರಿಸ್ಕೊಳ್ಳೋದು ಅಲ್ವಾ ಅಂತ ಕೆಲವರು ನನ್ನ ಕೇಳ್ತಾರೆ. ಹೊಸ ಊರಿಗೆ ಬಂದ್ಮೇಲೆ ಅಲ್ಲಿನ ಹಬ್ಬ ಏನು ಎತ್ತ ಅಂತ ತಿಳ್ಕೊಳ್ಳೋದು ನಾಟಕ ಅಲ್ಲ. ಅವನಿಗೆ ನಿಜವಾಗ್ಲೂ ಆಸಕ್ತಿ ಬರಲಿಲ್ಲ ಅಂದ್ರೆ ರೂಲ್ಸ್ ಗೊತ್ತಿದ್ರೆ ಸಾಕು, ಅಲ್ಲಿಗೆ ನಿಲ್ಸಿ, ಹಿಂದೆ ಬೀಳ್ಬೇಡಿ.

ಶಾಲೆ ವಿಷಯಕ್ಕೆ ಬರೋಣ, ಇಲ್ಲಿ ನೀವು ಬಾಯಿ ಬಿಡ್ಬೇಕು. ಟೀಚರ್‌ಗೆ ಹೇಳಿದ್ರೆ ಕಂಪ್ಲೇಂಟ್ ಮಾಡಿದಂಗಾಗುತ್ತೆ, ಮಗನ ಮೇಲೆ ಕಣ್ಣಿಡ್ತಾರೆ ಅಂತ ನಮ್ಮ ಕಡೆಯವರಿಗೆ ಭಯ, ಇಲ್ಲಿ ಹೇಳದೆ ಇದ್ರೇ ಪೇರೆಂಟ್ಸ್‌ಗೆ ಏನೂ ತೊಂದ್ರೆ ಇಲ್ಲ ಅಂದ್ಕೋತಾರೆ. ಕ್ಲಾಸ್ ಟೀಚರ್‌ಗೆ ನಾಲ್ಕು ಲೈನ್ ಇಮೇಲ್ ಹಾಕಿ, ಲಂಚಲ್ಲಿ ಒಬ್ನೇ ಇರ್ತಾನಂತೆ, ನೀವೂ ಗಮನಿಸಿದೀರಾ, ಲೈಬ್ರರಿ ಅಥವಾ ಲೆಗೊ ಕ್ಲಬ್, ಚೆಸ್ ಕ್ಲಬ್ ಯಾವ ದಿನ ಇರುತ್ತೆ, ಅವನನ್ನ ಜೊತೆಗೆ ಕರ್ಕೊಂಡು ಹೋಗೋ ಒಬ್ಬ ಹುಡುಗನ್ನ ನೀವು ಸೂಚಿಸ್ತೀರಾ, ಅಷ್ಟೆ. ಪಿಇ ಟೀಚರ್‌ಗೆ ಬೇರೆ ಇಮೇಲ್, ದಯವಿಟ್ಟು ಮಕ್ಕಳೇ ಕ್ಯಾಪ್ಟನ್ ಆಗಿ ಟೀಮ್ ಆರಿಸ್ಕೊಳ್ಳೋದರ ಬದಲು ನೀವೇ ಹಂಚಿ ಅಂತ. ಎಲ್ಲರ ಮುಂದೆ ಕೊನೇಗೆ ಉಳಿಯೋದಿದ್ಯಲ್ಲ, ಅದು ದೊಡ್ಡವರಾದ್ಮೇಲೂ ಮರೆಯಲ್ಲ, ನಲವತ್ತು ದಾಟಿದವರು ನನ್ನ ಮುಂದೆ ಕೂತು ಅದನ್ನೇ ಹೇಳ್ಕೊಂಡಿದಾರೆ. ಎಷ್ಟೋ ಟೀಚರ್‌ಗಳು ಈಗಾಗಲೇ ಆ ಪದ್ಧತಿ ಬಿಟ್ಟಿದಾರೆ, ಬಿಡದೆ ಇದ್ದವರು ಕೇಳಿದ್ರೆ ಬಿಡ್ತಾರೆ.

ಮಕ್ಕಳು 'ಕರ್ರಿ' (curry) ಗಿರ್ರಿ ಅಂತ ಇಂಡಿಯಾದವ್ರನ್ನ ಹೀಯಾಳಿಸೋ ಮಾತೇನಾದ್ರೂ ಅಂತಿದಾರಾ ಅಂತ ಮೆತ್ತಗೆ ಕೇಳಿ ನೋಡಿ. ಹೌದು ಅಂದ್ರೆ ಅದು ಆಟದ ವಿಷಯಾನೇ ಅಲ್ಲ, ಅವತ್ತೇ ಶಾಲೆಗೆ ಬರಹದಲ್ಲಿ ತಿಳಿಸಿ.

ಹೊಟ್ಟೆನೋವು ಸುಳ್ಳಲ್ಲ. ಆತಂಕ ಆದಾಗ ಮಕ್ಕಳಿಗೆ ಹೊಟ್ಟೇನೇ ಮೊದಲು ಹಿಡ್ಕೊಳ್ಳೋದು, ನಾಟಕ ಆಡ್ಬೇಡ ಅಂದ್ರೆ ಮುಂದಿನ ಸಲ ಅವನು ಹೇಳೋದೇ ಬಿಡ್ತಾನೆ. ಹಾಗಂತ ಮನೇಲಿ ಉಳಿಸ್ಕೊಂಡ್ರೆ ಅವತ್ತಿನ ಮಟ್ಟಿಗೆ ನೆಮ್ಮದಿ, ಮುಂದಿನ ಕಾರ್ನಿವಲ್‌ಗೆ ಭಯ ಡಬಲ್. ಮಧ್ಯದ ದಾರಿ ಇದೆ. ಕಾರ್ನಿವಲ್ ಅಂದ್ರೆ ಬರೀ ರೇಸ್ ಅಲ್ಲ, ಹೌಸ್ ಕಲರ್ ಬಟ್ಟೆ ಹಾಕ್ಕೊಂಡು ಮುಖಕ್ಕೆ ಬಣ್ಣ ಬಳ್ಕೊಂಡು ಗಂಟಲು ಹರಿಯೋಹಾಗೆ ಕೂಗೋದೇ ಅರ್ಧ, ತುಂಬಾ ಶಾಲೆಗಳಲ್ಲಿ ಕಿಕ್‌ಬೋರ್ಡ್ ಹಿಡ್ಕೊಂಡು ಹೋಗೋ ನಾವೆಲ್ಟಿ ಇವೆಂಟ್‌ಗಳೂ ಇರ್ತವೆ, ಭಾಗವಹಿಸಿದ್ರೆ ಹೌಸ್‌ಗೆ ಪಾಯಿಂಟು. ಎರಡು ವಾರ ಮುಂಚೆ ಟೀಚರ್ ಹತ್ರ ಮಾತಾಡಿ ಸ್ಟಾಪ್‌ವಾಚ್ ಹಿಡಿಯೋದೋ, ಹೆಸರು ಕರೆದು ಲೈನ್ ನಿಲ್ಲಿಸೋರಿಗೆ ಸಹಾಯ ಮಾಡೋದೋ ಒಂದು ಕೆಲಸ ಕೊಡ್ಸಿ. ಒಂದು ನಾವೆಲ್ಟಿ ಇವೆಂಟ್ ಪ್ಲಸ್ ಒಂದು ಡ್ಯೂಟಿ, ಇದು ಒಪ್ಪಂದ. ನಿಮ್ಮಿಬ್ಬರಲ್ಲಿ ಒಬ್ರು ರಜಾ ಹಾಕಿ ವಾಲಂಟಿಯರ್ ಆಗಿ ಹೋಗೋಕಾದ್ರೆ ಇನ್ನೂ ಒಳ್ಳೇದು, ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ (ಮಕ್ಕಳ ಜೊತೆ ಕೆಲಸ ಮಾಡೋರ ಹಿನ್ನೆಲೆ ಪರಿಶೀಲನೆ) ಈಗ್ಲೇ ಮಾಡಿಸಿಟ್ಕೊಳ್ಳಿ, ವಾಲಂಟಿಯರ್‌ಗಳಿಗೆ ಅದು ಫ್ರೀ.

ಈಗ ನಿಮ್ಮ ಯಜಮಾನ್ರ ವಿಷಯ, ಇದನ್ನ ಅವರಿಗೂ ಓದೋಕೆ ಕೊಡಿ. ಸರ್, ನಿಮ್ಮ ಕ್ರಿಕೆಟ್ ಪ್ರೀತಿ ನನಗೆ ಅರ್ಥ ಆಗುತ್ತೆ. ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಇರೋ ಊರಿಗೆ ಬಂದಿದೀರ, ಬಾಕ್ಸಿಂಗ್ ಡೇ ಟೆಸ್ಟ್‌ಗೆ ಮಗನ ಕೈ ಹಿಡ್ಕೊಂಡು ಹೋಗೋ ಕನಸು ಇರ್ಬೇಕು. ಪೋಲಿಯೋದಿಂದ ಬಲಗೈ ಸೊರಗಿದ್ದ ನಮ್ಮ ಮೈಸೂರಿನ ಚಂದ್ರಶೇಖರ್ ಅದೇ ಎಂಸಿಜಿಯಲ್ಲಿ 1977-78ರ ಟೆಸ್ಟ್‌ನಲ್ಲಿ ಎರಡೂ ಇನ್ನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ತೆಗೆದು ಆಸ್ಟ್ರೇಲಿಯಾ ನೆಲದಲ್ಲಿ ಇಂಡಿಯಾಗೆ ಮೊದಲ ಟೆಸ್ಟ್ ಗೆಲುವು ತಂದ್ಕೊಟ್ರು ಅಂತ ಹೇಳೋವಾಗ ನನಗೂ ಮೈ ಜುಮ್ ಅನ್ನುತ್ತೆ. ಆದ್ರೆ ದಯವಿಟ್ಟು ಈ ಕಥೆನ ಮಗನ ತಲೆ ಮೇಲೆ ಹಾಕ್ಬೇಡಿ, 'ನೋಡು ಅವರ ಕೈಯಲ್ಲೇ ಆಯ್ತು, ನಿನಗೇನಾಗಿದೆ ದಾಡಿ' ಅಂತ. ಚಂದ್ರ ಅವರಿಗೆ ಆಡ್ಬೇಕು ಅಂತ ಇತ್ತು, ನಿಮ್ಮ ಮಗನಿಗಿಲ್ಲ. ಮ್ಯಾಚ್ ಮುಗಿದ ಮೇಲೆ ಕಾರಲ್ಲಿ ಬರ್ತಾ 'ಆ ಕ್ಯಾಚ್ ಯಾಕೆ ಬಿಟ್ಟೆ' ಅಂತ ವಿಚಾರಣೆ ಶುರು ಮಾಡೋ ಅಪ್ಪಂದಿರನ್ನ ಬೇಕಾದಷ್ಟು ನೋಡಿದೀನಿ, ಆ ಮಕ್ಕಳಿಗೆ ಆಟಕ್ಕಿಂತ ಆ ಕಾರ್ ಸೀಟ್ ಕಂಡ್ರೇ ಭಯ. ಊರಿಂದ ವೀಡಿಯೋ ಕಾಲ್ ಮಾಡೋ ತಾತ, ದೊಡ್ಡಪ್ಪ ಎಲ್ಲ 'ಚಿಕ್ಕಪ್ಪನ ಮಗ ಡಿಸ್ಟ್ರಿಕ್ಟ್ ಟೀಮ್‌ಗೆ ಸೆಲೆಕ್ಟ್ ಆದ, ನೀನೇನಪ್ಪ' ಅಂದ್ರೆ ಮಾತು ಬೇರೆ ಕಡೆ ತಿರುಗಿಸೋ ಜವಾಬ್ದಾರೀನೂ ನಿಮ್ದೇ.

ಕ್ರಿಕೆಟ್ ಪೂರ್ತಿ ಬಿಡ್ಬೇಕಾ? ಬೇಕಾಗಿಲ್ಲ. ಜೂನಿಯರ್ ಕ್ಲಬ್‌ಗಳಲ್ಲಿ ಸ್ಕೋರರ್ ಸಿಗೋದು ಯಾವಾಗ್ಲೂ ಕಷ್ಟ, ಪೇರೆಂಟ್ಸ್ ಒಬ್ರ ಮುಖ ಒಬ್ರು ನೋಡ್ತಾ ತಪ್ಪಿಸ್ಕೋತಾರೆ. ನಿಮ್ಮ ಪಕ್ಕ ಕೂತು ಡಾಟ್ ಬಾಲ್, ಲೆಗ್ ಬೈ ಎಲ್ಲ ಬರೆಯೋಕೆ ಕಲಿತ್ರೆ ಇಡೀ ಟೀಮ್ ಅವನ ಹತ್ರ ಓಡಿ ಬಂದು 'ನಂದು ಎಷ್ಟಾಯ್ತು' ಅಂತ ಕೇಳುತ್ತೆ. ಟೀಮ್ ಒಳಗೆ ಅವನಿಗೊಂದು ಜಾಗ ಆಯ್ತು. ಅದೂ ಬೇಡ ಅಂದ್ರೆ ಬೇಡ.

ಇನ್ನು ಮೈ ಆಡ್ಸೋದು. ಇಲ್ಲಿನ ಗೈಡ್‌ಲೈನ್ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ 60 ನಿಮಿಷ ಉಸಿರು ಏರೋಹಾಗೆ ಏನಾದ್ರೂ ಮಾಡ್ಬೇಕು. ಅದು ಟೀಮ್ ಆಟಾನೇ ಆಗ್ಬೇಕು ಅಂತ ಎಲ್ಲೂ ಇಲ್ಲ, ಒಂದೇ ಏಟಿಗೂ ಆಗ್ಬೇಕಾಗಿಲ್ಲ. ಶಾಲೆಗೆ ನಡ್ಕೊಂಡು ಹೋಗೋದು, ಸ್ಕೂಟರ್, ಟ್ರ್ಯಾಂಪೊಲೀನ್, ಕ್ಲೈಂಬಿಂಗ್ ಜಿಮ್, ಕರಾಟೆ, ಬ್ಯಾಡ್ಮಿಂಟನ್, ಯಾವುದಾದ್ರೂ ಸರಿ. ಕ್ಲೈಂಬಿಂಗ್ ಥರದ್ದು ಇಂಥ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತೆ, ಬಾಲ್ ಇಲ್ಲ, ಯಾರೂ ಕಿರುಚಲ್ಲ, ಅವನ ಪಾಡಿಗೆ ಅವನು ಯೋಚನೆ ಮಾಡ್ಕೊಂಡು ಹತ್ತಬಹುದು. ಸ್ಕೌಟ್ಸ್‌ನೂ ವಿಚಾರಿಸಿ, ಈ ವಯಸ್ಸಿನವರಿಗೆ ಕಬ್ ಸ್ಕೌಟ್ಸ್, ಹುಡುಗ ಹುಡುಗಿ ಇಬ್ರೂ ಇರ್ತಾರೆ, ಟೆಂಟು ಬೆಂಕಿ ಮ್ಯಾಪು ಅಂತ ಗೊತ್ತಿಲ್ಲದ ಹಾಗೆ ಕಿಲೋಮೀಟರ್‌ಗಟ್ಲೆ ನಡೆಸ್ತಾರೆ, ಫ್ರೆಂಡ್ಸೂ ಆಗ್ತಾರೆ.

ಆದ್ರೆ ನನ್ನ ಕೇಳಿದ್ರೆ ರೈಲನ್ನೇ ಹಿಡ್ಕೊಳ್ಳಿ. ಲಿಲಿಡೇಲ್‌ನಿಂದ ವಾರ್ಬರ್ಟನ್‌ಗೆ 1901ರಲ್ಲಿ ರೈಲು ಬಂದಿತ್ತು, 1965ರಲ್ಲಿ ನಿಂತೋಯ್ತು, ಹಳಿ ಕಿತ್ತ ಜಾಗದಲ್ಲಿ ಈಗ ಸುಮಾರು 40 ಕಿಲೋಮೀಟರ್ ಸೈಕಲ್ ದಾರಿ. ರೈಲಿಗೆ ಅಂತ ಮಾಡಿದ್ದಾದ್ರಿಂದ ಕಡಿದಾದ ಏರು ಇಲ್ಲ, ಕಾರಿನ ಕಾಟ ಇಲ್ಲ, ಹಳೇ ಸ್ಟೇಷನ್ ಇದ್ದ ಜಾಗಗಳು, ಮರದ ಸೇತುವೆಗಳು ದಾರಿಯುದ್ದಕ್ಕೂ ಸಿಗ್ತವೆ. ಟಾರ್ನೀಟ್‌ನಿಂದ ದೂರಾನೇ, ತಿಂಗಳಿಗೊಂದ್ಸಲ ಆದ್ರೂ ಸಾಕು. ಮೊದಲ ಸಲ ಒಂದು ಸ್ಟೇಷನ್‌ನಿಂದ ಮುಂದಿನ ಸ್ಟೇಷನ್‌ಗೆ ಮಾತ್ರ ಹೋಗಿ, ಹಳೇ ಮ್ಯಾಪ್ ಅವನ ಕೈಲೇ ಇರ್ಲಿ, ಎಲ್ಲಿ ನಿಲ್ಬೇಕು ಅಂತ ಅವನೇ ಹೇಳ್ಲಿ. ಕ್ಲಾಸಲ್ಲಿ ರೈಲು ಇಷ್ಟ ಇರೋ ಇನ್ನೊಂದು ಮಗು ಇದ್ಯಾ ಅಂತ ಟೀಚರ್‌ನ ಕೇಳಿ, ಇದ್ರೆ ಅವರ ಮನೆಯವರನ್ನೂ ಕರೀರಿ. ಬೆಲ್‌ಗ್ರೇವ್‌ನ ಪಫಿಂಗ್ ಬಿಲ್ಲಿ ಸ್ಟೀಮ್ ರೈಲು ಹೇಗೂ ಇದ್ದೇ ಇದೆ, ಅದನ್ನ ನಡೆಸೋದರಲ್ಲಿ ವಾಲಂಟಿಯರ್‌ಗಳು ತುಂಬಾ ಜನ, ದೊಡ್ಡವರೂ ರೈಲಿಗೆ ಜೀವ ಬಿಡ್ತಾರೆ ಅಂತ ಅವನು ಕಣ್ಣಾರೆ ನೋಡ್ಲಿ.

ಆಸ್‌ಕಿಕ್ ಈ ವಾರವೇ ನಿಲ್ಸಿ, ಅಲ್ಲಿ ಪಾಯಿಂಟ್ಸೂ ಇಲ್ಲ, ಇವನನ್ನ ನಂಬ್ಕೊಂಡಿರೋ ಟೀಮೂ ಇಲ್ಲ. ಕ್ರಿಕೆಟ್‌ನಲ್ಲಿ ಟೀಮ್‌ಗೆ ಜನ ಕಮ್ಮಿ ಇದ್ರೆ ಸೀಸನ್ ಮುಗಿಯೋವರೆಗೆ ಹೋಗ್ಲಿ, ಇಲ್ಲ ಅಂದ್ರೆ ಕೋಚ್‌ಗೆ ಹೇಳಿ ಸ್ಕೋರಿಂಗ್‌ಗೆ ಬರ್ತಾನೆ ಅನ್ನಿ. ಮುಂದೆ ಹೈಸ್ಕೂಲ್‌ಗೆ ಪ್ರೈವೇಟ್ ಶಾಲೆ ನೋಡೋದಾದ್ರೆ ಶನಿವಾರದ ಸ್ಪೋರ್ಟ್ ಕಡ್ಡಾಯಾನಾ ಅಂತ ಮೊದಲೇ ಕೇಳಿ, ಮೆಲ್ಬರ್ನ್‌ನ ಕೆಲವು ದೊಡ್ಡ ಶಾಲೆಗಳಲ್ಲಿ ಅದರಿಂದ ತಪ್ಪಿಸ್ಕೊಳ್ಳೋಕಾಗಲ್ಲ, ಫೀಸ್ ಕಟ್ಟಿದ್ಮೇಲೆ ಗೊತ್ತಾದ್ರೆ ಕಷ್ಟ.

ಇದೆಲ್ಲ ಎರಡು ಟರ್ಮ್ ಮಾಡಿ ನೋಡಿ. ಆಮೇಲೂ ಅವನು ಲಂಚಲ್ಲಿ ಒಬ್ನೇ ಕೂರ್ತಿದ್ರೆ, ಭಾನುವಾರ ರಾತ್ರಿ ನಿದ್ದೆ ಬರಲ್ಲ ಅಂದ್ರೆ, ರೈಲಿನ ಮೇಲೂ ಆಸಕ್ತಿ ಕಮ್ಮಿ ಆಗ್ತಿದೆ ಅನ್ಸಿದ್ರೆ ಜಿಪಿ ಹತ್ರ ಮೆಂಟಲ್ ಹೆಲ್ತ್ ಟ್ರೀಟ್‌ಮೆಂಟ್ ಪ್ಲಾನ್ ಕೇಳಿ, ಮೆಡಿಕೇರ್‌ನಲ್ಲಿ ವರ್ಷಕ್ಕೆ 10 ಸೆಷನ್‌ವರೆಗೆ ರಿಬೇಟ್ ಬರುತ್ತೆ. ಸೈಕಾಲಜಿಸ್ಟ್‌ಗಳ ವೇಟಿಂಗ್ ಲಿಸ್ಟ್ ಉದ್ದ ಇರೋದ್ರಿಂದ ಡೌಟ್ ಬಂದ ಕೂಡ್ಲೇ ಹೆಸರು ಬರೆಸಿಡಿ, ಬೇಡ ಅನ್ಸಿದ್ರೆ ಕ್ಯಾನ್ಸಲ್ ಮಾಡಿದ್ರಾಯ್ತು.